ಹಲ್ಲುನೋವೆಂದು ಹೋದ ಶನಿವಾರ

ಕಾಯಿಲೆ ಬಂದದ್ದು ನನಗೆ, ಕಿವಿ ಹೋದದ್ದು ಭೂಮಿಕಾಳಿಗೆ. ಇವೆರಡಕ್ಕೂ ಸಂಬಂಧ ಇದೆ ಎನ್ನುವುದು ನನ್ನ ವಾದ. ಇಲ್ಲ ಎನ್ನುವವರು ನನಗಿಂತ ಒಳ್ಳೆಯವರು, ಆದರೆ ಅವರ ವಾದ ದುರ್ಬಲ.

ನಾನು ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ವಯಸ್ಸು ಇಪ್ಪತ್ತೇಳು. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಗೆದ್ದು ನಾಲಿಗೆಗೆ ಲಗಾಮು ಇಲ್ಲದಂತಾಯಿತು ಎನ್ನುವುದು ಅವ್ವನ ತೀರ್ಮಾನ. ಆ ನಾಲಿಗೆಯನ್ನೇ ಈಗ ವಾರದ ಕೊನೆಗೆ ದುಡಿಸುತ್ತೇನೆ. ಶನಿವಾರ ಮಧ್ಯಾಹ್ನ ಕಂಪ್ಲಿಯ ಒಂದು ಶಾಲೆಯಲ್ಲಿ, ಭಾನುವಾರ ಬೆಳಿಗ್ಗೆ ಸಂಡೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಭೂಮಿಕಾ ಕಂಪ್ಲಿ ತಂಡದ ಐವರಲ್ಲಿ ಒಬ್ಬಳು, ಆಗ ಒಂಬತ್ತನೇ ತರಗತಿ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರಲ್ಲಿದ್ದ ಒಂದೇ ಒಂದು ಸಡಿಲ ಮಾತನ್ನು ಹಿಡಿದು ಎಳೆಯುವ ಹುಡುಗಿ. ಕೇಳಿಸಿಕೊಳ್ಳುವುದೇ ಅವಳ ಬಲ ಎಂದು ನಾನೇ ಹೇಳುತ್ತಿದ್ದೆ.

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಶನಿವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಗೆ ನಿಂಬೆಹಣ್ಣು ಹಿಂಡಿಕೊಂಡು ಮೊದಲ ತುತ್ತು ಇಟ್ಟೆ. ಹುಳಿ ನಾಲಿಗೆಗೆ ತಾಗಿದ್ದೇ ತಡ, ಎಡಗಿವಿಯ ಬುಡದಲ್ಲಿ ದಬ್ಬಣ ಚುಚ್ಚಿದಂತಾಯಿತು. ತಟ್ಟೆ ಕೆಳಗಿಟ್ಟೆ. ಅವ್ವ ಹತ್ತಿರ ಬಂದು ಎರಡು ಬೆರಳಿನಿಂದ ಗಲ್ಲದ ಮೂಲೆ ಒತ್ತಿ ನೋಡಿದಳು.

“ಮಂಗನಬಾವು ಇದು.”

“ಹಲ್ಲುನೋವು ಅವ್ವ. ಬುದ್ಧಿಹಲ್ಲು ಬರಾಕತ್ತೈತಿ.”

“ಇಪ್ಪತ್ತೇಳಕ್ಕರ ಬುದ್ಧಿ ಬರೂದಾದ್ರ ಭಾಳ ಸಂತೋಷ. ಆದ್ರ ಇದು ಮಂಗನಬಾವು. ಮಾವಿನ ಗಿಡ ಹೂ ಬಿಟ್ಟಾವು, ಹುಣಸಿಹಣ್ಣು ಬಡ್ಯಾಕತ್ತಾರ. ಇದರ ಕಾಲನ ಇದು.”

“ಮಾವಿನ ಹೂವಿಗೂ ನನ್ನ ಗಲ್ಲಕ್ಕೂ ಏನ್ ಸಂಬಂಧ? ಮುದುಕಿ ಕೋಳಿ ಕೂಗಿದ್ದಕ್ಕ ಊರಿಗೆ ಬೆಳಗಾತು ಅಂದಂಗಾತು.”

“ಕೋಳಿ ಕೂಗಿದ ಮ್ಯಾಲೆ ಬೆಳಗಂತೂ ಆಗತೈತಲ್ಲ? ನೀವು ಸಣ್ಣವ್ರಿದ್ದಾಗ ನಿಮ್ಮಣ್ಣಗ ಬಂದಿತ್ತು, ನಿನಗ ಬಂದಿಲ್ಲ. ಇವತ್ತ ಹೋಗಬ್ಯಾಡ.”

ನಮ್ಮ ಮನೆಯಲ್ಲಿ ದೇವರ ಗೂಡು ಇಲ್ಲ, ಬುದ್ಧನ ಫೋಟೊ ಇದೆ. ಅಪ್ಪ ಕುರೆಕುಪ್ಪದ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಕಣ್ಣಾರೆ ಕಾಣದ್ದನ್ನು ನಂಬಬೇಡ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟವನು. ಆ ಪಾಠವನ್ನು ಅಂದು ನಾನು ತಲೆಕೆಳಗಾಗಿ ಬಳಸಿದೆ. ಅವ್ವ ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಹೇಳಿದ್ದನ್ನು ನಂಬಿಕೆ ಎಂದೆ. ಕನ್ನಡಿ ಕೂಡ ನೋಡದೆ ನಾನು ಹೇಳಿದ್ದನ್ನು ವಿಚಾರ ಎಂದೆ. ಒಂದು ನೋವಿನ ಮಾತ್ರೆ ನುಂಗಿ ಕಂಪ್ಲಿ ಬಸ್ಸು ಹತ್ತಿದೆ.

ಕಂಪ್ಲಿಯ ಆ ಶಾಲೆಯ ಪಕ್ಕದಲ್ಲೇ ಅಕ್ಕಿ ಗಿರಣಿ. ಹೊಟ್ಟಿನ ಧೂಳು ಒಳಗೆ ಬರುತ್ತದೆಂದು ಕಿಟಕಿ ತೆರೆಯುವುದಿಲ್ಲ. ಇದ್ದದ್ದು ಒಂದೇ ಮೈಕು, ಅದೂ ಹಳೆಯದು. ತುಟಿಗೆ ಹಚ್ಚಿ ಮಾತಾಡಿದರಷ್ಟೇ ದನಿ ಹೊರಡುತ್ತಿತ್ತು. ಮೈಕು ಯಾರ ಕೈಯಲ್ಲಿದೆಯೋ ಮಾತು ಅವರದು, ಉಳಿದವರು ಬಾಯಿ ಮುಚ್ಚಬೇಕು ಎಂಬುದು ನನ್ನ ತರಗತಿಯ ನಿಯಮ. ಹೀಗಾಗಿ ಆ ಮಧ್ಯಾಹ್ನ ಮೈಕು ನನ್ನ ಬಾಯಿಂದ ಅವರ ಬಾಯಿಗೆ, ಅವರ ಬಾಯಿಂದ ನನ್ನ ಬಾಯಿಗೆ ಎರಡು ತಾಸು ಓಡಾಡಿತು.

ನಡುವೆ ಭೂಮಿಕಾ ಕೇಳಿದಳು: “ಮೇಡಂ, ನಿಮ್ಮ ಗಲ್ಲ ಊದೈತಿ.”

“ಹಲ್ಲುನೋವು.”

“ಯಾವ ಹಲ್ಲು?”

ಮೇಲಿನದೋ ಕೆಳಗಿನದೋ ನನಗೆ ಹೇಳಲು ಬರಲಿಲ್ಲ. ನೋವು ಹಲ್ಲಿನಲ್ಲಿ ಇರಲೇ ಇಲ್ಲ. “ಮೈಕ್ ತಗೋ. ವಿಷಯಕ್ಕ ಬಾ,” ಎಂದೆ.

ಅವಳು ವಿಷಯದಲ್ಲೇ ಇದ್ದಳು ಎಂಬುದು ಆಮೇಲೆ ಹೊಳೆಯಿತು.

ಭಾನುವಾರ ಎದ್ದಾಗ ಎರಡೂ ಗಲ್ಲ ಕಿವಿಯ ತನಕ ತುಂಬಿಕೊಂಡಿದ್ದವು. ಕುತ್ತಿಗೆ ಎಂಬುದೇ ಇರಲಿಲ್ಲ. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಸಂಡೂರಿಗೆ ಹೋಗಲಿಲ್ಲ. ವಿವೇಕದಿಂದ ಉಳಿದೆ ಎಂದು ಯಾರೂ ತಿಳಿಯಬಾರದು. ಬಾಯಿ ತೆರೆಯದ ಚರ್ಚಾ ಮೇಡಂ ಅಲ್ಲಿ ಹೋಗಿ ಮಾಡುವುದೇನು?

ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಕರೆದೊಯ್ದ. ಡಾಕ್ಟರು ಪರದೆ ಸರಿಸಿ ದೂರದಿಂದಲೇ ನೋಡಿ, “ಮಂಗನಬಾವು. ಒಳಗ ಬ್ಯಾಡ, ಹೊರಗ ಬೇವಿನ ಗಿಡದ ಕೆಳಗ ಕುಂದ್ರಿ. ಉಳಿದವ್ರೂ ಅಲ್ಲೇ ಅದಾರ,” ಎಂದರು.

ಉಳಿದವರು ಎಂದರೆ ಒಂದು ಸಿಮೆಂಟ್ ಕಟ್ಟೆಯ ಮೇಲೆ ಸಾಲಾಗಿ ಕುಳಿತ ಊದಿದ ಮುಖಗಳು. ನಾನೊಬ್ಬಳೇ ದೊಡ್ಡವಳು, ಮಿಕ್ಕವರೆಲ್ಲ ಮಕ್ಕಳು. ಒಂದು ಪುಟ್ಟ ಹುಡುಗಿ ನನ್ನನ್ನು ನೋಡಿ, ತನ್ನ ಗಲ್ಲ ಮುಟ್ಟಿಕೊಂಡು, ಮತ್ತೆ ನನ್ನದನ್ನು ನೋಡಿ ತಾಯಿಗೆ ಹೇಳಿದಳು: “ಯವ್ವಾ, ಈ ಅಕ್ಕಂದು ನಂದಕಿಂತ ದೊಡ್ಡದೈತಿ.” ತಾಯಿ ನಾಚಿಕೊಂಡು, “ನಾವು ಬುಕ್ಕಸಾಗರದವ್ರು ರೀ. ನಿಮ್ದು ಎಷ್ಟನೇ ದಿನ?” ಎಂದು ಕೇಳಿದಳು, ಬಸ್ಸಿನಲ್ಲಿ ಯಾವ ಸ್ಟಾಪು ಎಂದು ಕೇಳಿದ ಹಾಗೆ. ನಾನು ಎರಡು ಬೆರಳು ತೋರಿಸಿದೆ. “ಮೂರನೇ ದಿನ ಭಾಳ ಕಾಡತೈತಿ, ಆಮ್ಯಾಲೆ ಇಳೀತೈತಿ. ಹುಳಿ ತಿನಬ್ಯಾಡ್ರಿ. ಗಂಜಿ ಕುಡೀರಿ, ತಣ್ಣೀರಾಗ ಅರಬಿ ತೊಯ್ಸಿ ಗಲ್ಲಕ್ಕ ಇಟ್ಕೋರಿ,” ಎಂದಳು. ಹತ್ತು ನಿಮಿಷದ ನಂತರ ಡಾಕ್ಟರು ಹೊರಗೆ ಬಂದು ಹೇಳಿದ್ದೂ ಹೆಚ್ಚೂಕಡಿಮೆ ಅಷ್ಟೇ. ಜ್ವರಕ್ಕೆ ಮಾತ್ರೆ, ಐದಾರು ದಿನ ಯಾರ ಜೊತೆಗೂ ಬೆರೆಯಬಾರದು. ಅವರು ಕೇಳಿದ ಒಂದು ಪ್ರಶ್ನೆ ಮಾತ್ರ ಆ ತಾಯಿ ಕೇಳಿರಲಿಲ್ಲ.

“ನಿನ್ನೆ ಎಲ್ಲಿಗೆ ಹೋಗಿದ್ರಿ?”

ಅಪ್ಪನ ಕಿಸೆಯಿಂದ ಪೆನ್ನು ತೆಗೆದು ಚೀಟಿಯ ಹಿಂದೆ ಬರೆದೆ: ಕಂಪ್ಲಿ, ಪಾಠ.

“ಅಲ್ಲಿಗೆ ಇವತ್ತ ತಿಳಸ್ರಿ. ಯಾವ ಮಗೂಗರ ಗಲ್ಲ ನೋವು ಅಂದ್ರ ಸಾಲಿಗೆ ಕಳಸಬಾರದು. ಮೈಮ್ಯಾಲೆ ನಿಗಾ ಇರಲಿ.”

ಮನೆಗೆ ಬಂದು ಫೋನು ಹಿಡಿದೆ. ಕಂಪ್ಲಿ ಶಾಲೆಯ ಕನ್ನಡ ಶಿಕ್ಷಕಿ ಶಾಂತಾ ಟೀಚರಿಗೆ ಸಂದೇಶ ಬರೆಯಬೇಕು. ‘ನನಗೆ ಮಂಗನ’ ಎಂದು ಬರೆದು ನಿಲ್ಲಿಸಿದೆ. ಆ ಪದ ಟೀಚರಿಂದ ಮಕ್ಕಳಿಗೆ ಹೋಗುತ್ತದೆ. ಮುಂದಿನ ಶನಿವಾರ ತರಗತಿಗೆ ಕಾಲಿಟ್ಟಾಗ ಐದು ಮುಖಗಳು ನಗು ತಡೆದುಕೊಂಡು ಕುಳಿತಿರುತ್ತವೆ. ಅದೇ ದಡಾರ ಆಗಿದ್ದರೆ, ಟೈಫಾಯಿಡ್ ಆಗಿದ್ದರೆ ಬರೆಯುತ್ತಿದ್ದೆ. ಆ ಹೆಸರುಗಳಿಗೆ ಒಂದು ಘನತೆ ಇದೆ. ಇದಕ್ಕೆ ಮಂಗ ಇದೆ. ಅಳಿಸಿ ಹೀಗೆ ಬರೆದೆ: ‘ಹಲ್ಲುನೋವು ಜಾಸ್ತಿಯಾಗಿದೆ ಟೀಚರ್, ಎರಡು ವಾರ ಬರಲಾಗದು.’

ಶನಿವಾರ ನಾನು ಹೇಳಿದ್ದು ತಪ್ಪು. ಭಾನುವಾರ ಬರೆದದ್ದು ಸುಳ್ಳು. ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಮಕ್ಕಳಿಗೆ ಮೊದಲ ವಾರವೇ ಕಲಿಸಿರುತ್ತೇನೆ.

ಮುಂದಿನ ದಿನಗಳು ಕಾಯಿಲೆಯ ಲೆಕ್ಕದಲ್ಲಿ ಕಷ್ಟ, ಮನೆಯವರ ಲೆಕ್ಕದಲ್ಲಿ ಹಬ್ಬ. ಮಾತು ಬರದ ನಾನು ನೋಟ್‌ಬುಕ್ಕಿನಲ್ಲಿ ವಾದ ಬರೆದು ತೋರಿಸುತ್ತಿದ್ದೆ. ನಾನು ಬರೆದು ಮುಗಿಸುವಷ್ಟರಲ್ಲಿ ಅವರು ಎದ್ದು ಹೋಗುತ್ತಿದ್ದರು. “ಈ ಮನ್ಯಾಗ ನಾ ಪೂರಾ ಮಾತಾಡಿ ಎಷ್ಟು ವರ್ಷ ಆಗಿತ್ತು,” ಎಂದು ಅಪ್ಪ ಚಹಾ ಹೀರುತ್ತಾ ಖುಷಿಪಟ್ಟ. ಮೂರನೇ ದಿನ ನಿಜವಾಗಿಯೂ ಕಾಡಿತು. ಉಗುಳು ನುಂಗಲೂ ಎರಡು ಬಾರಿ ಯೋಚಿಸಬೇಕಾಗುತ್ತಿತ್ತು. ಊಟದ ವಾಸನೆ ಬಂದರೆ ಸಾಕು, ಬಾಯಲ್ಲಿ ನೀರೂರಿ ದವಡೆ ಸಿಡಿಯುತ್ತಿತ್ತು. ಅವ್ವ ನನ್ನ ಕೋಣೆಯ ಬಾಗಿಲು ಮುಚ್ಚಿ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಾಲ್ಕು ದಿನ ಬಿಟ್ಟಳು. ‘ನಾನು ಹೇಳಿದ್ದೆ’ ಎಂಬ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ. ಎದುರಾಳಿ ಇಷ್ಟು ಸುಲಭದ ಅವಕಾಶ ಬಿಟ್ಟದ್ದನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ.

ಐದನೇ ದಿನ ಪಾಪಿನಾಯಕನಹಳ್ಳಿಯಿಂದ ಚಿಗವ್ವ, ಅಂದರೆ ಅವ್ವನ ತಂಗಿ, ಒಂದು ಗೊನೆ ಬಾಳೆಹಣ್ಣು ಹೊತ್ತು ಬಂದಳು. ಅದು ನನಗಲ್ಲ, ಹಂಪಿಯ ಮಂಗಗಳಿಗೆ. ಮಂಗನಬಾವು ಬಂದವರು ಹಂಪಿಗೆ ಹೋಗಿ ತಮ್ಮ ಕೈಯಾರೆ ಮಂಗಕ್ಕೆ ಹಣ್ಣು ಕೊಟ್ಟರೆ ಬಾವು ಇಳಿಯುತ್ತದೆ ಎಂಬುದು ಅವಳ ಮನೆಯ ರೂಢಿ.

“ಹೆಸರ ಹೇಳತೈತಲ್ಲ ಮಗಳ? ಮಂಗನ ಬಾವು. ಮಂಗದ್ದು ಮಂಗಕ್ಕ ಒಪ್ಪಿಸಬೇಕು.”

ನಾನು ಬರೆದು ತೋರಿಸಿದೆ: ಮುಖ ಮಂಗನ ಹಾಗೆ ಆಗುತ್ತದೆ, ಅದಕ್ಕೇ ಆ ಹೆಸರು.

ಚಿಗವ್ವನಿಗೆ ಓದಲು ಬರುವುದಿಲ್ಲ. ಅವ್ವ ಓದಿ ಹೇಳಿದಳು. ಚಿಗವ್ವ ನನ್ನನ್ನು ಹಿಂದೆ ಮುಂದೆ ನೋಡಿ, “ಅಂದ್ರ ಮಂಗ ಆಗೀನಿ ಅಂತ ಒಪ್ಕೊಂಡ್ಲು. ಇನ್ನ ನಿಮ್ಮ ಮಂದೀಗೆ ನೀ ಹಣ್ಣು ಕೊಡಾಕ ಏನ್ ದಾಡಿ?” ಎಂದಳು.

ನಗಬೇಡ ಎಂದು ದವಡೆ ಹಿಡಿದುಕೊಂಡೆ. ನಗುವುದೂ ನೋವೇ. ನಾನು ಹೋಗಲಿಲ್ಲ. ಬಾಳೆಹಣ್ಣನ್ನು ಅವ್ವ ಹಾಲಿನಲ್ಲಿ ಕಿವುಚಿ ನನಗೇ ಕೊಟ್ಟಳು. ಒಟ್ಟಿನಲ್ಲಿ ಹಣ್ಣು ಸೇರಬೇಕಾದ ಕಡೆ ಸೇರಿತು.

ಎರಡನೇ ವಾರ ಮುಖ ಮುಖವಾಯಿತು. ಆಗ ಒಂದು ಪ್ರಶ್ನೆ ಹಿಡಿದುಕೊಂಡಿತು: ನನಗೆ ಇದು ಬಂದದ್ದು ಎಲ್ಲಿಂದ? ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಹೊಸಪೇಟೆ, ಹಂಪಿ, ಬುಕ್ಕಸಾಗರ, ಕಂಪ್ಲಿ, ಸಂಡೂರು ಎಂದು ಗುರುತು ಹಾಕಿ ರಸ್ತೆ ಎಳೆದೆ. ಗೊತ್ತಿರುವ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ನೆಂಟರು, ಎಲ್ಲರಿಗೂ ಫೋನು ಮಾಡಿದೆ. ಯಾರ ಗಲ್ಲ, ಯಾವ ಊರು, ಯಾವ ದಿನ. ಒಬ್ಬೊಬ್ಬರಿಗೆ ಒಂದೊಂದು ಕೆಂಪು ಚುಕ್ಕೆ, ಪಕ್ಕದಲ್ಲಿ ತಾರೀಖು.

ಚುಕ್ಕೆಗಳು ಬಸ್ಸಿನ ದಾರಿಯಲ್ಲಿ ಕೂಡುತ್ತಿದ್ದವು. ಶಾಲೆ ಇದ್ದ ಕಡೆ ದಟ್ಟ, ಹೊಲಮನೆಗಳ ಕಡೆ ತೆಳು. ಕಾಲದ ಬಗ್ಗೆ ಅವ್ವನನ್ನು ಕೂರಿಸಿ ಪಾಟಿಸವಾಲು ಮಾಡಿದೆ. ಅಣ್ಣನಿಗೆ ಬಂದದ್ದು ಹುಣಸೆ ಬಡಿಯುವಾಗ. ಓಣಿಯ ಮಕ್ಕಳಿಗೆಲ್ಲ ಒಮ್ಮೆಗೇ ಬಂದದ್ದು ಯುಗಾದಿಯ ಹಿಂದಿನ ವಾರ. ಕೆಲವು ವರ್ಷ ಸುದ್ದಿಯೇ ಇಲ್ಲ, ಕೆಲವು ವರ್ಷ ಮನೆಗೊಂದು. ಮಳೆಗಾಲದಲ್ಲಿ ಬಂದ ನೆನಪು ಅವಳಿಗೆ ಒಂದೂ ಇಲ್ಲ. ಪರೀಕ್ಷೆ ಹತ್ತಿರ ಬಂದು ಮಕ್ಕಳನ್ನು ಬೆಳಿಗ್ಗೆ ಸಂಜೆ ಒಂದೇ ಕೋಣೆಗೆ ತುಂಬುವ ಕಾಲವೂ ಅದೇ ಎಂದು ನಾನು ಹೇಳಿದೆ. “ಅದನ್ನ ನಾ ಹೇಳಿದ್ದು. ನೀ ಪರೀಕ್ಷಿ ಅಂದಿ, ನಾ ಮಾವಿನ ಹೂ ಅಂದೆ,” ಎಂದಳು ಅವ್ವ. ಅವಳ ಕೋಳಿ ಬೆಳಗು ಮಾಡುತ್ತಿರಲಿಲ್ಲ, ಆದರೆ ಗಡಿಯಾರ ಸರಿಯಾಗಿತ್ತು.

ನನ್ನ ಚುಕ್ಕೆಗೆ ಮೂಲ ಸಿಗಲಿಲ್ಲ. ಅಷ್ಟರಲ್ಲಿ, ಆ ಶನಿವಾರ ಕಳೆದು ಎರಡೂವರೆ ವಾರಕ್ಕೆ, ಶಾಂತಾ ಟೀಚರ್ ಫೋನ್ ಮಾಡಿದರು.

“ನಿಮ್ಮ ಟೀಮಿನ ಐದೂ ಮಕ್ಕಳು ಗಲ್ಲ ಊದಿಸ್ಕೊಂಡು ಕುಂತಾವ್ರಿ ಮೇಡಂ. ಮಂಗನಬಾವು. ಭೂಮಿಕಾ ಅಂತೂ ಎರಡು ದಿನ ಹಲ್ಲುನೋವು ಅಂತ ಸಾಲಿಗೆ ಬಂದಾಳ. ನಿಮ್ಮ ಹಲ್ಲು ಹೆಂಗೈತ್ರಿ ಈಗ?”

“ಆರಾಮ,” ಎಂದೆ.

ಹಾಳೆ ತೆಗೆದು ಕಂಪ್ಲಿಯಲ್ಲಿ ಐದು ಚುಕ್ಕೆ ಇಟ್ಟೆ. ಐದಕ್ಕೂ ಒಂದೇ ವಾರ. ಸಂಡೂರಿಗೆ ಫೋನು ಮಾಡಿದೆ. ಊರಲ್ಲಿ ಅಲ್ಲೊಂದು ಇಲ್ಲೊಂದು ಇದೆ, ನನ್ನ ತಂಡದಲ್ಲಿ ಒಬ್ಬರಿಗೂ ಇಲ್ಲ. ಅದೇ ಮೇಡಂ, ಅದೇ ಪಾಠ, ಅಂಥದ್ದೇ ಮುಚ್ಚಿದ ಕೋಣೆ. ಅಲ್ಲಿ ಗಿರಣಿಯ ಹೊಟ್ಟಿನ ಬದಲು ಅದಿರು ಲಾರಿಗಳ ಕೆಂಪು ಧೂಳು, ಅಷ್ಟೇ. ವ್ಯತ್ಯಾಸ ಒಂದೇ: ಶನಿವಾರ ನಾನು ಕಂಪ್ಲಿಗೆ ಹೋಗಿದ್ದೆ, ಭಾನುವಾರ ಸಂಡೂರಿಗೆ ಹೋಗಲಿಲ್ಲ. ಎಲ್ಲಿಂದ ಬಂತು ಎಂದು ಹತ್ತು ದಿನ ಹುಡುಕಿದವಳು ಎಲ್ಲಿಗೆ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾಲ್ಕು ಮಕ್ಕಳು ಗುಣವಾದರು. ವಾರದ ನಂತರ ಟೀಚರ್ ಮತ್ತೆ ಫೋನ್ ಮಾಡಿದರು: “ಭೂಮಿಕಾಗ ಎಡಗಿವಿ ಕೇಳಸವಲ್ದಂತರೀ. ಗುಂಯ್ ಅಂತಿತ್ತಂತ, ಈಗ ಅದೂ ಇಲ್ಲಂತ.”

ಈ ಬಾವು ಅಪರೂಪಕ್ಕೆ ಒಂದು ಕಿವಿಯನ್ನು ಕೊಂಡೊಯ್ಯುತ್ತದೆ, ಕೆಲವರಿಗೆ ಮರಳಿ ಕೊಡುತ್ತದೆ, ಕೆಲವರಿಗೆ ಇಲ್ಲ. ಇದು ನನಗೆ ಗೊತ್ತಾದದ್ದು ಆಗಲೇ.

ಭಾನುವಾರ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ನನ್ನೊಳಗಿನ ವಕೀಲೆ ಬಿಡುವಿಲ್ಲದೆ ಕೆಲಸ ಮಾಡಿದಳು. ಭೂಮಿಕಾಳ ಸೋದರಮಾವನ ಮನೆ ಬುಕ್ಕಸಾಗರದಲ್ಲಿದೆ, ಅಲ್ಲಿನ ಮಗುವಿಗೂ ಆಗಿತ್ತು. ನನ್ನ ಹಾಳೆಯಲ್ಲೇ ಆ ಚುಕ್ಕೆ ಇದೆ. ಭೂಮಿಕಾ ಆ ಮನೆಗೆ ಹೋಗಿರಬಹುದು. ಹಾಗಾದರೆ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಬಸ್ಸು ಬುಕ್ಕಸಾಗರದ ಭತ್ತದ ಗದ್ದೆಗಳನ್ನು ದಾಟುವಾಗ ಆ ವಾದ ಭಾಳ ಚಂದ ಕಾಣುತ್ತಿತ್ತು.

ಭೂಮಿಕಾಳ ತಾಯಿ ಹುಲಿಗೆಮ್ಮ ಗದ್ದೆ ಕೆಲಸಕ್ಕೆ ಹೋಗುವವಳು. ಅಂದು ಕೆಲಸ ಬಿಟ್ಟು ಮನೆಯಲ್ಲಿದ್ದಳು. ಚಾಪೆ ಹಾಸಿ, “ಕುಂದ್ರಿ ಮೇಡಮ್ಮೋರ,” ಎಂದು ನೀರು ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ತಪ್ಪೊಪ್ಪಿಕೊಳ್ಳತೊಡಗಿದಳು.

“ನಂದ ತಪ್ಪು ರೀ. ಶಿವರಾತ್ರಿಗೆ ಹಂಪಿಗೆ ಕರಕೊಂಡು ಹೋಗಿದ್ದೆ. ಒಂದು ಮಂಗ ಈಕಿ ಕೈಯಾಗಿನ ಬಿಸ್ಕೀಟು ಕಸಗೊಂತು. ಉಗುರು ತಾಗಿತ್ತೋ ಏನೋ, ನಾ ನೋಡ್ಲಿಲ್ಲ. ಆಮ್ಯಾಲೆ ಹಣ್ಣು ಕೊಟ್ಟು ಬಂದ್ವಿ, ಆದ್ರ ತಡಾ ಆಗಿತ್ತು.”

ಚಿಗವ್ವನ ಮನೆಯದಷ್ಟೇ ಅಂದುಕೊಂಡಿದ್ದ ರೂಢಿ ಇಲ್ಲಿಯೂ ಇತ್ತು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮಂಗದ ಪರವಾಗಿ ವಾದಿಸಲು ಯಾರೂ ಬರುವುದಿಲ್ಲ. ಆದರೆ ಎದುರಿಗೆ ಒಬ್ಬ ತಾಯಿ ಒಂದು ಬಿಸ್ಕೀಟಿಗಾಗಿ ತನ್ನನ್ನು ತಾನೇ ಅಪರಾಧಿ ಮಾಡಿಕೊಂಡು ಕುಳಿತಿದ್ದಳು.

“ಮಂಗ ಅಲ್ಲ ರೀ ಹುಲಿಗೆಮ್ಮ. ನಾನು. ಆ ಶನಿವಾರ ನನಗಿದ್ದದ್ದು ಹಲ್ಲುನೋವಲ್ಲ, ಇದ. ನಮ್ಮವ್ವ ಬ್ಯಾಡ ಅಂದ್ರೂ ಬಂದೆ. ಮರುದಿನ ಗೊತ್ತಾದ ಮ್ಯಾಲೂ ಟೀಚರಿಗೆ ಹಲ್ಲುನೋವು ಅಂತನ ಬರದೆ.”

“ಗೊತ್ತಾದ ಮ್ಯಾಲೆ ಯಾಕ ಹಂಗ ಬರದ್ರಿ?”

“ಮಂಗನಬಾವು ಅಂದ್ರ ನಗ್ತಾರಂತ.”

ಬಾಗಿಲಿಗೆ ಒರಗಿ ನಿಂತಿದ್ದ ಭೂಮಿಕಾ ನನ್ನ ಬಲಕ್ಕೆ ಬಂದು ಕುಳಿತು, ಆಮೇಲೆ ಎದ್ದು ಎಡಕ್ಕೆ ಬಂದಳು. ಬಲಗಿವಿ ನನ್ನ ಕಡೆಗೆ ಬರುವಂತೆ.

“ಪುರಾವೆ ಏನೈತಿ ಮೇಡಂ?” ಎಂದಳು. “ನಮ್ಮ ಮಾಮನ ಮಗಳಿಗೂ ಆಗಿತ್ತು, ನಿಮಗಿಂತ ಮೊದ್ಲ. ನಿಮ್ಮಿಂದನ ಅಂತ ಹೆಂಗ ಹೇಳ್ತೀರಿ?”

ಬಸ್ಸಿನಲ್ಲಿ ನಾನು ಕಟ್ಟಿದ್ದ ವಾದವನ್ನು ಅವಳು ನನ್ನ ಕೈಗೇ ಕೊಡುತ್ತಿದ್ದಳು. ನಾನು ಅದರ ವಿರುದ್ಧ ಮಾತಾಡಬೇಕಾಯಿತು. “ಐದೂ ಮಂದಿಗೆ ಒಂದ ವಾರ ಬಂತು. ಉಳಿದ ನಾಕು ಮಂದಿ ನಿಮ್ಮ ಮಾಮನ ಮನೀಗೆ ಹೋಗಿದ್ರಾ?”

“ಇಲ್ಲ. ನಾನೂ ಹೋಗಿಲ್ಲ,” ಎಂದಳು ಭೂಮಿಕಾ. ಪ್ರಶ್ನೆ ಕೇಳುವ ಮೊದಲೇ ಉತ್ತರ ಅವಳಿಗೆ ಗೊತ್ತಿತ್ತು.

ಆಗ ಹುಲಿಗೆಮ್ಮ ಹೇಳಿದಳು: “ಮಂಗನ ಮ್ಯಾಲೆ ಹಾಕಿದ್ರ ಮಂಗ ಏನೂ ಅನ್ನಂಗಿಲ್ಲ. ನಿಮ್ಮ ಮ್ಯಾಲೆ ಹಾಕಿ ನಾ ಏನ್ ಮಾಡ್ಲಿ ಮೇಡಮ್ಮೋರ? ನಾಳೆ ಬಳ್ಳಾರಿಗೆ ಕಿವಿ ಡಾಕ್ಟರ್ ಕಡೆ ಹೋಗಬೇಕು. ಅವರು ಇಂಗ್ಲೀಷ್ನಾಗ ಹೇಳ್ತಾರ. ನೀವು ಬರ್ರಿ.”

ಹೋದೆ. ಆ ದಿನವೂ, ಆಮೇಲೆ ಹಲವು ಸಲವೂ. ಅಲ್ಲಿ ಒಂದು ಗಾಜಿನ ಗೂಡಿನಲ್ಲಿ ಭೂಮಿಕಾಳನ್ನು ಕೂರಿಸಿ ಕಿವಿಗೆ ಯಂತ್ರ ಹಚ್ಚುತ್ತಿದ್ದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಬಲಗಿವಿಯ ಸರದಿಯಲ್ಲಿ ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಎಡಗಿವಿಯ ಸರದಿಯಲ್ಲಿ ಅವಳು ಗಾಜಿನಾಚೆಗೆ ನಮ್ಮನ್ನೇ ನೋಡುತ್ತಾ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಹುಲಿಗೆಮ್ಮ ಹೊರಗೆ ತನ್ನ ಕೈಯನ್ನೇ ಅರ್ಧ ಎತ್ತಿರುತ್ತಿದ್ದಳು, ಮಗಳಿಗೆ ನೆನಪು ಮಾಡುವವಳಂತೆ. ಕೆಲವು ತಿಂಗಳು ನೋಡೋಣ ಎಂದರು ಡಾಕ್ಟರು. ನೋಡಿದೆವು. ಮರಳಲಿಲ್ಲ.

ಶಾಂತಾ ಟೀಚರಿಗೂ, ಉಳಿದ ನಾಲ್ವರ ಮನೆಗಳಿಗೆ ಹೋಗಿ ಅವರಿಗೂ ಇದ್ದದ್ದನ್ನು ಹೇಳಿದೆ. ಒಂದು ಮನೆಯವರು ಮಗನನ್ನು ತರಗತಿಯಿಂದ ಬಿಡಿಸಿದರು. ಅದು ನ್ಯಾಯವೇ. ನನ್ನನ್ನು ಬಿಡಿಸಬೇಕೆಂದು ಶಾಲೆಗೂ ಅನ್ನಿಸಿತ್ತು. ಬೇಡ ಎಂದು ವಾದಿಸಿದವಳು ಭೂಮಿಕಾ ಎಂದು ಟೀಚರ್ ಹೇಳಿದರು. ಏನು ವಾದಿಸಿದಳೆಂದು ನಾನು ಕೇಳಲಿಲ್ಲ.

ಈಗ ಅವಳು ಹತ್ತನೇ ತರಗತಿ. ಬೆಂಚಿನ ಎಡತುದಿಯಲ್ಲಿ ಕೂರುತ್ತಾಳೆ, ಇಡೀ ತಂಡ ಬಲಕ್ಕೆ ಬರುವ ಹಾಗೆ. ಎದುರಾಳಿಯ ಮಾತು ತಪ್ಪಿದರೆ “ಇನ್ನೊಮ್ಮೆ ಹೇಳ್ರಿ” ಎನ್ನುತ್ತಾಳೆ. ಎರಡನೇ ಸಲ ಹೇಳುವಾಗ ಜನ ಮೊದಲಿನಷ್ಟು ಧೈರ್ಯದಿಂದ ಹೇಳುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಿದ್ದಾಳೆ. ಅಷ್ಟಕ್ಕೇ ಇದನ್ನು ಲಾಭ ಎಂದು ಕರೆಯಲು ನಾನು ತಯಾರಿಲ್ಲ. ಎಡಕ್ಕೆ, ಗಿರಣಿ ಕಡೆಯಿಂದ ಬರುವ ಗಾಡಿ ಅವಳಿಗೆ ಕೇಳುವುದಿಲ್ಲ. ರಸ್ತೆ ದಾಟುವಾಗ ಗೆಳತಿಯ ಕೈ ಹಿಡಿಯುತ್ತಾಳೆ.

ಈ ವರ್ಷವೂ ಶಿವರಾತ್ರಿ ಆಯಿತು. ಮಾವು ಹೂ ಬಿಟ್ಟಿತು. ಕೋಣೆಯ ಕಿಟಕಿ ತೆರೆದಿದ್ದೇವೆ, ಹೊಟ್ಟು ಬಂದರೆ ಬರಲಿ. ಮೈಕು ಬೀರುವಿನಲ್ಲಿದೆ. ಯುಗಾದಿಯ ತನಕ ಬರಿಗಂಟಲಲ್ಲೇ ಚರ್ಚೆ. ಕಳೆದ ಶನಿವಾರ ಎಂಟನೇ ತರಗತಿಯ ಹೊಸ ಹುಡುಗಿಯೊಬ್ಬಳು ಗಲ್ಲಕ್ಕೆ ಅಂಗೈ ಒತ್ತಿಕೊಂಡು ಒಳಗೆ ಬಂದಳು.

“ಏನಾತು?” ಎಂದೆ.

“ಏನಿಲ್ಲ ಮೇಡಂ. ಹಲ್ಲುನೋವು.”

ನಾನು ಎದ್ದು ನಿಲ್ಲುವಷ್ಟರಲ್ಲಿ ಎಡತುದಿಯಿಂದ ಭೂಮಿಕಾ ಕೇಳಿದಳು:

“ಯಾವ ಹಲ್ಲು?”

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಹೇಳಲು ಬರಲಿಲ್ಲ.

“ಮನೀಗೆ ನಡಿ. ನಗಂಗಿಲ್ಲ ಯಾರೂ,” ಎಂದಳು ಭೂಮಿಕಾ. ನಂತರ ನನ್ನ ಕಡೆ ತಿರುಗಿ, “ಇವರ ಅವ್ವಗ ಫೋನ್ ಮಾಡ್ರಿ ಮೇಡಂ. ಹೆಸರು ಹೇಳಿ ಮಾಡ್ರಿ.”

ಹೊರಗೆ ಜಗಲಿಗೆ ಬಂದು ಫೋನ್ ಮಾಡಿದೆ. ಗಿರಣಿಯ ಸದ್ದಿಗೆ ಆ ತಾಯಿಗೆ ಮೊದಲ ಸಲ ಕೇಳಲಿಲ್ಲ. ಇನ್ನೊಮ್ಮೆ, ಇಡೀ ಓಣಿಗೆ ಕೇಳುವಷ್ಟು ಜೋರಾಗಿ ಹೇಳಿದೆ: “ಮಂಗನಬಾವು ಇರಬೇಕು ರೀ. ಮಂಗನಬಾವು.”